ಬಲೂನು ಊದಿತು, ಆದರೆ ಊದಿದ್ದು ಯಾರು?

ಮಗಳ ಕೈಯಲ್ಲಿ ಒಂದು ಚಿತ್ರ ಇತ್ತು. ಬಾಟಲಿಯ ಬಾಯಿಗೆ ಸಿಕ್ಕಿಸಿದ ಕೆಂಪು ಬಲೂನು, ಒಳಗೆ ನೊರೆ. ಕೆಳಗೆ ಎರಡೇ ಸಾಲು: ಬಿಸಿ ನೀರಿಗೆ ಸಕ್ಕರೆ, ಯೀಸ್ಟ್ ಹಾಕಿ. ಬಲೂನು ಸಿಕ್ಕಿಸಿ ಕಾಯಿರಿ. "ಇಷ್ಟೇನಾ?" ಅಂದಳು. "ಇಷ್ಟೇ, ಅರ್ಧ ಗಂಟೆ ಕೆಲಸ" ಅಂದೆ. ಆ ಅರ್ಧ ಗಂಟೆ ನಾಲ್ಕು ಭಾನುವಾರ ತಿಂದಿತು.

ಮೊದಲ ಭಾನುವಾರ

ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಎರಡು ಚಮಚ ಸಕ್ಕರೆ, ಒಂದು ಚಮಚ ಒಣ ಯೀಸ್ಟ್, ಅಂದರೆ ಬ್ರೆಡ್ ಉಬ್ಬಿಸುವ ಸೂಕ್ಷ್ಮಜೀವಿ. ಸಕ್ಕರೆ ತಿಂದು ಅದು ಬಿಡುವ ಗ್ಯಾಸೇ ಬಲೂನು ಊದಬೇಕು. ಚಿತ್ರದಲ್ಲಿ ಬಿಸಿ ನೀರು ಎಂದಿತ್ತು. ಎಷ್ಟು ಬಿಸಿ ಅಂತ ಇರಲಿಲ್ಲ. ನಾನು ಕೆಟಲಿನ ನೀರನ್ನು ಎರಡು ನಿಮಿಷ ಆರಿಸಿ ಸುರಿದೆ. ಬಾಟಲಿಯ ಸೊಂಟ ಸ್ವಲ್ಪ ಸೊಟ್ಟಗಾಯಿತು. ಅದನ್ನು ನೋಡಿಯೂ ನೋಡದ ಹಾಗೆ ಯೀಸ್ಟ್ ಹಾಕಿ, ಬಲೂನು ಸಿಕ್ಕಿಸಿದೆ.

ಒಂದೇ ನಿಮಿಷದಲ್ಲಿ ಬಲೂನು ಕತ್ತೆತ್ತಿ ನಿಂತಿತು! ಮಗಳು ಚಪ್ಪಾಳೆ ತಟ್ಟಿದಳು. ನಾನೂ ಬೀಗಿದೆ. ಇಷ್ಟು ಬೇಗ ಆಗುತ್ತದೆ ಅಂತ ಗೊತ್ತಿರಲಿಲ್ಲ ಅಂದುಕೊಂಡೆ.

ಕಾಲು ಗಂಟೆ ಆಗುವಷ್ಟರಲ್ಲಿ ಬಲೂನು ಬಾಡಿತು. ಅರ್ಧ ಗಂಟೆಗೆ ಪಕ್ಕಕ್ಕೆ ವಾಲಿತು. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಬಲೂನು ಬಾಟಲಿಯ ಕತ್ತಿನೊಳಗೆ ಹೊಕ್ಕಿತ್ತು, ಯಾರೋ ಒಳಗಿನಿಂದ ಹೀರಿದ ಹಾಗೆ. ಊದಬೇಕಾದ್ದು ಒಳಗೆ ಹೋಗಿದೆ. ತಳದಲ್ಲಿ ಯೀಸ್ಟ್ ಕಂದು ಮಡ್ಡಿಯಾಗಿ ಕೂತಿತ್ತು. ನೊರೆಯ ಸುಳಿವೇ ಇಲ್ಲ.

ಯೋಚಿಸಿದಾಗ ನಾಚಿಕೆ ಆಯಿತು. ಬಲೂನು ಎತ್ತಿದ್ದು ಯೀಸ್ಟ್ ಅಲ್ಲ, ಬಿಸಿ. ಬಿಸಿ ನೀರು ಬಾಟಲಿಯೊಳಗಿನ ಗಾಳಿಯನ್ನು ಹಿಗ್ಗಿಸಿತು, ಜೊತೆಗೆ ಆವಿಯೂ ಸೇರಿತು. ಆರಿದ ಮೇಲೆ ಗಾಳಿ ಕುಗ್ಗಿತು, ಆವಿ ನೀರಾಯಿತು, ಬಲೂನು ಒಳಗೆ ಹೋಯಿತು. ಯೀಸ್ಟ್ ಮೊದಲ ನಿಮಿಷದಲ್ಲೇ ಬೆಂದು ಸತ್ತಿತ್ತು. ಈ ಬಾಟಲಿಯ ಪ್ಲಾಸ್ಟಿಕ್ ಮೆತ್ತಗಾಗುವುದು ಸುಮಾರು 70 ಡಿಗ್ರಿ ದಾಟಿದ ಮೇಲೆ. ಯೀಸ್ಟಿಗೆ 60 ಡಿಗ್ರಿಯೇ ಮರಣಶಾಸನ. ಬಾಟಲಿಯ ಸೊಂಟ ಸೊಟ್ಟಗಾದಾಗಲೇ ಅದು ನನಗೆ ಹೇಳಿತ್ತು, ನಾನು ಕೇಳಲಿಲ್ಲ ಅಷ್ಟೆ.

ಹತ್ತು ನಿಮಿಷಕ್ಕೆ ಫೋಟೋ ತೆಗೆದು ಎದ್ದು ಹೋಗಿದ್ದರೆ "ಪ್ರಯೋಗ ಯಶಸ್ವಿ" ಎಂದೇ ಆಗುತ್ತಿತ್ತು ಅಲ್ವಾ? ಆ ಯೋಚನೆ ಬಿಡಲಿಲ್ಲ. ಬಲೂನು ಊದಿತು ಅನ್ನುವುದು ಸಾಲದು, ಊದಿದ್ದು ಯಾರು ಅಂತ ಗೊತ್ತಾಗಬೇಕು.

ಎರಡನೇ ಭಾನುವಾರ: ಮೂರು ಬಾಟಲಿ

ಈ ಸಲ ಥರ್ಮಾಮೀಟರ್ ಬಂತು. ನೀರು 38 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಳ್ಳಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅದೇ ಸರಿಯಾದ ಉಗುರು ಬೆಚ್ಚಗೆ.

ಯೀಸ್ಟ್ ಬದುಕಿದೆಯೋ ಇಲ್ಲವೋ ಅಂತ ಮೊದಲೇ ಪರೀಕ್ಷೆ ಮಾಡಿದೆ. ಒಂದು ಲೋಟದಲ್ಲಿ ಬೆಚ್ಚಗಿನ ನೀರು, ಒಂದು ಚಿಟಿಕೆ ಸಕ್ಕರೆ, ಒಂದು ಚಿಟಿಕೆ ಯೀಸ್ಟ್. ಹತ್ತು ಹದಿನೈದು ನಿಮಿಷದಲ್ಲಿ ಮೇಲೆ ಕೆನೆಯಂತೆ ನೊರೆ ಕಟ್ಟಿದರೆ ಜೀವ ಇದೆ. ತೆರೆದಿಟ್ಟ ಹಳೆಯ ಪೊಟ್ಟಣ ತೇವ ಎಳೆದುಕೊಂಡು ಸತ್ತಿರುವುದು ಉಂಟು. ಅಂಥದ್ದಕ್ಕೆ ದಿನವಿಡೀ ಕಾದು ಕೂತರೂ ಪ್ರಯೋಜನ ಇಲ್ಲ.

ಮೂರು ಬಾಟಲಿಗೂ 200 ಮಿಲಿ ನೀರು. ಮೊದಲನೆಯದಕ್ಕೆ ಸಕ್ಕರೆ ಮತ್ತು ಯೀಸ್ಟ್. ಎರಡನೆಯದಕ್ಕೆ ಬರೀ ಸಕ್ಕರೆ. ಮೂರನೆಯದಕ್ಕೆ ಬರೀ ಯೀಸ್ಟ್. ಬಲೂನುಗಳನ್ನು ಬಾಯಿಂದ ಎರಡು ಸಲ ಊದಿ ಬಿಟ್ಟು ಸಡಿಲ ಮಾಡಿದೆ. ಹೊಸ ಬಲೂನಿಗೆ ಮೊದಲ ಉಸಿರು ತುಂಬುವುದೇ ಕಷ್ಟ, ಕೆನ್ನೆ ನೋಯಿಸಿಕೊಂಡವರಿಗೆಲ್ಲ ಗೊತ್ತು. ಯೀಸ್ಟಿಗೂ ಅದೇ ಕಷ್ಟ. ಬಾಟಲಿಯ ಕತ್ತಿಗೆ ಎರಡು ಸುತ್ತು ಟೇಪು ಹಾಕಿದೆ.

ಇಪ್ಪತ್ತು ನಿಮಿಷ ಮೂರೂ ಜಪ್ಪಯ್ಯ ಅನ್ನಲಿಲ್ಲ. ಮಗಳು ಬೇಸರವಾಗಿ ಮೊದಲ ಬಾಟಲಿಯನ್ನು ಹಿಡಿದು ಒಂದು ಸುತ್ತು ಗಿರಕಿ ಹೊಡೆಸಿದಳು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನೊರೆ ಭುಸ್ಸೆಂದು ಎದ್ದಿತು, ಬಲೂನು ಒಂದು ಕುಲುಕು ಕುಲುಕಿ ನೇರವಾಯಿತು.

ಆ ಒಂದು ಕುಲುಕಿನಲ್ಲಿ ಅರ್ಧ ಉತ್ತರ ಇತ್ತು. ಗ್ಯಾಸ್ ಆಗಲೇ ಹುಟ್ಟಿತ್ತು, ನೀರು ಅದನ್ನು ಕುಡಿದುಕೊಂಡು ಕೂತಿತ್ತು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಮುಕ್ಕಾಲು ಲೀಟರಿನಷ್ಟು ಈ ಗ್ಯಾಸನ್ನು ನುಂಗಬಲ್ಲದು. ಬೆಚ್ಚಗಿದ್ದರೆ ಸ್ವಲ್ಪ ಕಡಿಮೆ. ಹಾಗಾಗಿ ಮೊದಲು ನೀರಿನ ಹೊಟ್ಟೆ ತುಂಬಬೇಕು, ಆಮೇಲೆ ಬಲೂನಿನ ಸರದಿ. ಒಣಗಿ ಮಲಗಿದ್ದ ಯೀಸ್ಟ್ ನೀರು ಹೀರಿ ಎಚ್ಚರವಾಗಲಿಕ್ಕೂ ಸ್ವಲ್ಪ ಹೊತ್ತು ಬೇಕು. ಕಾಯಬೇಕಾದ್ದು ಇವೆರಡಕ್ಕೂ.

ನಲವತ್ತು ನಿಮಿಷಕ್ಕೆ ಮೊದಲ ಬಲೂನು ನಿಂತಿತು. ಎರಡು ಗಂಟೆಗೆ ಮಗಳ ಮುಷ್ಟಿಗಿಂತ ದೊಡ್ಡದಾಯಿತು. ಬರೀ ಸಕ್ಕರೆ ಬಾಟಲಿಯ ಬಲೂನು ಮೊದಲು ಚೂರು ಎದ್ದಂತೆ ಮಾಡಿ ಮತ್ತೆ ಮಲಗಿತು. ಕಳೆದ ವಾರ ನಮ್ಮನ್ನು ಮೋಸ ಮಾಡಿದ್ದು ಇದೇ ಅಂತ ಮಗಳಿಗೆ ತೋರಿಸಿದೆ.

ಮೂರನೆಯದು ಮಾತ್ರ ತಲೆ ತಿಂದಿತು. ಸಕ್ಕರೆಯೇ ಇಲ್ಲ, ಆದರೂ ಗಂಟೆಯ ಮೇಲೆ ಬಲೂನು ತುಸು ಎದ್ದಿದೆ. ಚಮಚ ತಪ್ಪಿ ಸಕ್ಕರೆ ಬಿತ್ತೇ ಅಂತ ಇನ್ನೊಂದು ಸಲ ಮಾಡಿದೆ. ಮತ್ತೆ ಅದೇ. ಕಾರಣ ಆಮೇಲೆ ಹೊಳೆಯಿತು: ಯೀಸ್ಟಿಗೂ ತನ್ನದೇ ಬುತ್ತಿ ಇರುತ್ತದೆ. ಗ್ಲೈಕೋಜನ್, ಟ್ರೆಹಲೋಸ್ ಎಂಬ ಸಕ್ಕರೆಯ ನಂಟರನ್ನು ಅದು ಕೋಶದೊಳಗೇ ಕೂಡಿಟ್ಟುಕೊಂಡಿರುತ್ತದೆ. ಒಣಗಿದಾಗಲೂ ಸಾಯದೆ ಉಳಿಯಲು ಟ್ರೆಹಲೋಸ್ ನೆರವಾಗುತ್ತದೆ. ಎಚ್ಚರವಾದ ಮೇಲೆ ಆ ಬುತ್ತಿ ಬಿಚ್ಚಿ ತಿಂದಿದೆ. ಅಷ್ಟು ತಿಂದು ಮುಗಿದ ಮೇಲೆ ಬಲೂನು ಅಲ್ಲಿಗೇ ನಿಂತಿತು.

ಮಾರನೆಯ ಬೆಳಿಗ್ಗೆ ಮೊದಲ ಬಲೂನೂ ಸುಕ್ಕುಗಟ್ಟಿತ್ತು. ತೂತು ಹುಡುಕಿದೆ, ಇರಲಿಲ್ಲ. ಇಂಗಾಲದ ಡೈಆಕ್ಸೈಡ್ ರಬ್ಬರಿನ ಮೂಲಕವೇ ನುಸುಳುತ್ತದೆ, ಸಾಮಾನ್ಯ ಗಾಳಿಗಿಂತ ಎಷ್ಟೋ ಬೇಗ. ಬಿಸಿಗೆ ಏಳುತ್ತದೆ, ಶುರುವಿನಲ್ಲಿ ಹಟ ಮಾಡುತ್ತದೆ, ಕೊನೆಯಲ್ಲಿ ಸೋರುತ್ತದೆ. ಇಂಥ ಬಲೂನನ್ನು ಅಳತೆಗೋಲು ಅಂತ ನಂಬುವುದು ಹೇಗೆ? ಕೈಬಿಟ್ಟೆ.

ಮೂರನೇ ಭಾನುವಾರ: ಮುಚ್ಚಳದ ಕಾಟ

ಗ್ಯಾಸನ್ನು ನೀರಿನಡಿ ಹಿಡಿದು ಅಳೆಯುವುದು ಹಳೆಯ ಉಪಾಯ. ಬಾಟಲಿಯ ಮುಚ್ಚಳಕ್ಕೆ ಟ್ಯೂಬು, ಟ್ಯೂಬಿನ ಇನ್ನೊಂದು ತುದಿ ನೀರಿನ ಬೋಗುಣಿಯಲ್ಲಿ, ಅದರ ಮೇಲೆ ನೀರು ತುಂಬಿ ಬೋರಲು ಹಾಕಿದ 100 ಮಿಲಿ ಅಳತೆ ಸಿಲಿಂಡರ್. ಗುಳ್ಳೆ ಏರಿದಷ್ಟು ನೀರು ಕೆಳಗೆ ಇಳಿಯುತ್ತದೆ. ಗೆರೆ ನೋಡಿ ಬರೆದುಕೊಂಡರೆ ಆಯಿತು.

ಮೀನಿನ ತೊಟ್ಟಿಯ ಗಾಳಿ ಪಂಪಿಗೆ ಹಾಕುವ ಮೆತ್ತಗಿನ ಟ್ಯೂಬು ತೆಗೆದುಕೊಂಡೆ. ಹೊರಗೆ 6 ಮಿಲಿಮೀಟರ್, ಒಳಗೆ 4. ಮುಚ್ಚಳಕ್ಕೆ 6 ಮಿಲಿಮೀಟರ್ ತೂತು ಕೊರೆದು, ಟ್ಯೂಬು ತೂರಿಸಿ, ಸುತ್ತ ಹಾಟ್ ಗ್ಲೂ ಸುರಿದೆ. ನೋಡಲು ಚೆನ್ನಾಗಿತ್ತು. ಸಕ್ಕರೆ, ಯೀಸ್ಟ್ ಹಾಕಿ ಕಾದೆವು. ಬಾಟಲಿಯಲ್ಲಿ ನೊರೆ ಉಕ್ಕುತ್ತಿದೆ, ಬೋಗುಣಿಯಲ್ಲಿ ಒಂದು ಗುಳ್ಳೆಯೂ ಇಲ್ಲ. ಸೋಪಿನ ನೀರನ್ನು ಮುಚ್ಚಳದ ಮೇಲೆ ಸವರಿದೆ. ಅಂಟಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಸಾಲು, ಮಣಿ ಪೋಣಿಸಿದ ಹಾಗೆ. ಉಗುರು ಹಾಕಿ ಎಳೆದರೆ ಇಡೀ ಅಂಟು ಟೋಪಿಯಂತೆ ಕೈಗೆ ಬಂತು.

ಇದು ಅಂಟಿನ ತಪ್ಪಲ್ಲ. ಮುಚ್ಚಳ ಮಾಡುವ ಪಾಲಿಥೀನ್, ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟುಗಳು ಸರಿಯಾಗಿ ಹಿಡಿಯುವುದಿಲ್ಲ. ಮೇಲ್ಮೈ ಮೇಣದ ಹಾಗೆ. ಸೂಪರ್ ಗ್ಲೂ ಹಾಕಿದೆ, ಅದೂ ಒಣಗಿ ಪುಡಿಯಾಗಿ ಉದುರಿತು. ಎಪಾಕ್ಸಿ ಹಾಕಿದೆ, ಅರ್ಧ ದಿನ ನಿಂತು ಆಮೇಲೆ ಕಿತ್ತುಕೊಂಡಿತು. ಒಟ್ಟು ಮೂರು ಮುಚ್ಚಳ ಹಾಳು.

ಕೊನೆಗೆ ಕೆಲಸ ಕೊಟ್ಟದ್ದು ಅಂಟೇ ಇಲ್ಲದ ಉಪಾಯ. ತೂತು 5 ಮಿಲಿಮೀಟರ್ ಮಾತ್ರ ಕೊರೆಯಿರಿ, ಟ್ಯೂಬಿಗಿಂತ ಸಣ್ಣದು. ಟ್ಯೂಬಿನ ತುದಿಯನ್ನು ಪೆನ್ನಿನ ನಿಬ್ಬಿನ ಹಾಗೆ ಓರೆಯಾಗಿ, ಉದ್ದಕ್ಕೆ ಕತ್ತರಿಸಿ. ಆ ಚೂಪನ್ನು ತೂತಿನಲ್ಲಿ ತೂರಿಸಿ, ಇನ್ನೊಂದು ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಬಿಸಿ ನೀರಿನಲ್ಲಿ ಅದ್ದಿದ್ದರೆ ಟ್ಯೂಬು ಸುಲಭವಾಗಿ ಬರುತ್ತದೆ. ಕಿರ್ರ್ ಅಂತ ಶಬ್ದ ಮಾಡುತ್ತಾ ಬರುತ್ತದೆ, ಬಂದ ಮೇಲೆ ಉಬ್ಬಿಕೊಂಡು ತೂತನ್ನು ತಾನೇ ಬಿಗಿಯಾಗಿ ತುಂಬುತ್ತದೆ. ಓರೆ ತುದಿ ಕತ್ತರಿಸಿ ತೆಗೆಯಿರಿ. ಮತ್ತೆ ಸೋಪಿನ ನೀರು ಸವರಿದೆ. ಒಂದು ಗುಳ್ಳೆಯೂ ಬರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಬಾಟಲಿಯೊಳಗಿನ ಟ್ಯೂಬಿನ ತುದಿ ಮುಚ್ಚಳಕ್ಕೆ ಹತ್ತಿರ ಇರಲಿ, ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ನೊರೆ ಹತ್ತಿ ಟ್ಯೂಬು ಕಟ್ಟಿದರೆ ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಆದರೆ ಒತ್ತಿ ನೋಡಿ ಮುಚ್ಚಳ ಸಡಿಲಿಸಬಹುದು. ಗಾಜಿನ ಬಾಟಲಿ ಬೇಡವೇ ಬೇಡ. ಟ್ಯೂಬಿಲ್ಲದ ಮುಚ್ಚಳ ಹಾಕಿ ಬಿಗಿ ಮಾಡುವುದಂತೂ ಯಾವ ಬಾಟಲಿಗೂ ಬೇಡ.

ಮೊದಲ ಗುಳ್ಳೆ ಟ್ಯೂಬಿನ ತುದಿಯಲ್ಲಿ ಮೊಗ್ಗಿನಂತೆ ಉಬ್ಬಿತು, ಒಂದು ಕ್ಷಣ ಅಂಟಿಕೊಂಡೇ ನಡುಗಿತು, ಬಿಟ್ಟು ಮೇಲೆ ಹೋಯಿತು. ಗುಳುಕ್. ಐದು ಸೆಕೆಂಡಿಗೆ ಇನ್ನೊಂದು. ಬಲೂನಿನ ಮುಂದೆ ಆಕಳಿಸುತ್ತಿದ್ದ ಮಗಳು ಇದರ ಮುಂದೆ ಸ್ಟೂಲು ಎಳೆದುಕೊಂಡು ಕೂತು ಎಣಿಸಲು ಶುರು ಮಾಡಿದಳು.

ಅಳತೆಗಳು

ಹದ ಹೀಗಿತ್ತು: 100 ಮಿಲಿ ನೀರು, 4 ಗ್ರಾಂ ಸಕ್ಕರೆ, 1 ಗ್ರಾಂ ಯೀಸ್ಟ್. ಬಾಟಲಿಯನ್ನು ಬೇಕಾದ ಬಿಸಿಯ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು, ಆಮೇಲಿನ ಹತ್ತು ನಿಮಿಷದಲ್ಲಿ ಬಂದ ಗ್ಯಾಸನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಬಾಟಲಿಯೊಳಗಿನ ಗಾಳಿ ಹಿಗ್ಗಿ ಬರುವ ಸುಳ್ಳು ಗುಳ್ಳೆಗಳು ಆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತವೆ. ಬೋಗುಣಿಯ ನೀರನ್ನೂ ಬದಲಿಸಲಿಲ್ಲ. ಹೊಸ ನೀರು ಗ್ಯಾಸನ್ನು ಕರಗಿಸಿಕೊಳ್ಳುತ್ತದೆ, ಹಳೆಯದಕ್ಕೆ ಹೊಟ್ಟೆ ತುಂಬಿರುತ್ತದೆ.

ಐಸ್ ಹಾಕಿ 10 ಡಿಗ್ರಿಗೆ ಇಳಿಸಿದಾಗ ಹತ್ತು ನಿಮಿಷಕ್ಕೆ ಒಂದು ಮಿಲಿಯೂ ಬರಲಿಲ್ಲ. 25 ಡಿಗ್ರಿಯಲ್ಲಿ 6 ಮಿಲಿ. 38 ಡಿಗ್ರಿಯಲ್ಲಿ 21 ಮಿಲಿ, ಇನ್ನೊಂದು ಸಲ 19. ಉಪ್ಪು ಒಂದು ಚಮಚ ಸೇರಿಸಿದಾಗ ಅದೇ 38 ಡಿಗ್ರಿಯಲ್ಲೂ 5ಕ್ಕೆ ಇಳಿಯಿತು. ಉಪ್ಪು ಕೋಶದೊಳಗಿನ ನೀರನ್ನು ಹೊರಗೆಳೆದು ಯೀಸ್ಟನ್ನು ಕಂಗೆಡಿಸುತ್ತದೆ. ಸಕ್ಕರೆ ಹೆಚ್ಚಾದಷ್ಟೂ ಗ್ಯಾಸ್ ಜಾಸ್ತಿ ಅಂದುಕೊಂಡು 40 ಗ್ರಾಂ ಸುರಿದೆವು. ಅದೂ ನಿಧಾನವಾಯಿತು, ಕಾರಣ ಅದೇ. ಸಕ್ಕರೆ ಪಾಕದಲ್ಲಿ ಇಟ್ಟದ್ದು ಕೆಡದೆ ಉಳಿಯುವುದೂ ಇದರಿಂದಲೇ.

60 ಡಿಗ್ರಿಯ ಸರದಿ ಬಂದಾಗ ಒಂದು ತಮಾಷೆ ಆಯಿತು. ಮೊದಲು ಬಿಸಿಗೆ ಹಿಗ್ಗಿದ ಗಾಳಿ ಗುಳುಗುಳು ಬಂತು. ಆಮೇಲೆ ಸುಮ್ಮನಾಯಿತು. ನಾವು ಹಾಗೇ ಬಿಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಬೋಗುಣಿಯ ನೀರು ಟ್ಯೂಬಿನಲ್ಲಿ ಮೇಲಕ್ಕೆ ಹತ್ತಿ, ಮುಚ್ಚಳ ದಾಟಿ, ಬಾಟಲಿಯೊಳಗೆ ತೊಟ್ಟಿಕ್ಕುತ್ತಿದೆ! ಆರಿದ ಬಾಟಲಿ ನೀರನ್ನು ಹೀರುತ್ತಿತ್ತು. ಮೊದಲ ಭಾನುವಾರ ಬಲೂನನ್ನು ಒಳಗೆಳೆದದ್ದೂ ಇದೇ ಹೀರು. ಪ್ರಯೋಗ ಹಾಳಾಯಿತು ಅಂತ ಮಗಳು ಮುಖ ಸಣ್ಣ ಮಾಡಿದಳು. ನನಗೆ ಮಾತ್ರ ಖುಷಿ. ಮುಚ್ಚಳ ಎಲ್ಲಾದರೂ ಸೋರುತ್ತಿದ್ದರೆ ಆ ತೂತಿನಿಂದ ಗಾಳಿ ನುಗ್ಗುತ್ತಿತ್ತು, ನೀರು ಹತ್ತುತ್ತಲೇ ಇರಲಿಲ್ಲ. ನನ್ನ ಅಂಟಿಲ್ಲದ ಜೋಡಣೆಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕೇ?

"ಸತ್ತರೆ ಗ್ಯಾಸ್ ಇಲ್ಲ, ಅಷ್ಟೇ" ಅಂದೆ ಮಗಳಿಗೆ. ಹೇಳಿದ ಮೇಲೆ ತಿದ್ದಿಕೊಳ್ಳಬೇಕಾಯಿತು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ರಸ ತೆಗೆದ. ರಸ ಕೆಡದಿರಲಿ ಅಂತ ಸಕ್ಕರೆ ಬೆರೆಸಿದರೆ ಗುಳ್ಳೆ ಏಳಲು ಶುರು. ಬದುಕಿದ ಕೋಶ ಒಂದೂ ಇಲ್ಲದೆ ಹುದುಗುವಿಕೆ ನಡೆಯಿತು. ಜೀವ ಇದ್ದರೆ ಮಾತ್ರ ಹುದುಗು ಎಂಬ ನಂಬಿಕೆ ಅಲ್ಲಿಗೆ ಮುರಿಯಿತು, ಕೆಲಸ ಮಾಡುವುದು ಕೋಶದೊಳಗಿನ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನುಗಳು, ಅಂತ ಗೊತ್ತಾಯಿತು. 1907ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವನಿಗೆ ಬಂತು. ನಾವು ಕಾಯಿಸಿದಾಗ ಕೋಶದ ಜೊತೆ ಕಿಣ್ವಗಳನ್ನೂ ಬೇಯಿಸಿದೆವು. ಅವನು ಅರೆದ, ಬೇಯಿಸಲಿಲ್ಲ. ವ್ಯತ್ಯಾಸ ಅಷ್ಟೇ.

ನಾಲ್ಕನೇ ಭಾನುವಾರ: ಸುಣ್ಣದ ತಿಳಿ, ಮತ್ತೆ ತಕ್ಕಡಿ

"ಅದು ಇಂಗಾಲದ ಡೈಆಕ್ಸೈಡೇ ಅಂತ ಹೇಗೆ ಗೊತ್ತು?" ಮಗಳದ್ದು ನ್ಯಾಯವಾದ ಪ್ರಶ್ನೆ. ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡೆ. ಸುಣ್ಣ ಕಣ್ಣಿಗೆ ತೀರಾ ಕೆಟ್ಟದ್ದು, ಹಾಗಾಗಿ ಇದು ದೊಡ್ಡವರ ಕೆಲಸ, ಅದೂ ಕನ್ನಡಕ ಹಾಕಿಕೊಂಡು. ಟ್ಯೂಬಿನ ತುದಿಯನ್ನು ಆ ತಿಳಿಯಲ್ಲಿ ಇಳಿಸಿದೆ. ನಾಲ್ಕೈದು ನಿಮಿಷದಲ್ಲಿ ಹಾಲಿನ ಬಣ್ಣ. ಗ್ಯಾಸ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು, ಅಂದರೆ ಸೀಮೆಸುಣ್ಣದ ಜಾತಿಯ ಬಿಳಿ ಪುಡಿ. ತೆಗೆಯಲು ಮರೆತು ಬಿಟ್ಟೆವು. ಬಂದು ನೋಡಿದಾಗ ಬಿಳುಪು ತಿರುಗಿ ತಿಳಿಯಾಗುತ್ತಾ ಇತ್ತು. ಗ್ಯಾಸ್ ಜಾಸ್ತಿಯಾದರೆ ಆ ಪುಡಿ ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗುತ್ತದೆ. ಬಿಳಿಯಾದ ಕೂಡಲೇ ತೋರಿಸಿ ಮುಗಿಸಿಬಿಡಿ, ಇಲ್ಲದಿದ್ದರೆ "ಏನೂ ಆಗಲೇ ಇಲ್ಲವಲ್ಲ" ಅನ್ನುತ್ತಾರೆ.

ಕೊನೆಯದು ತಕ್ಕಡಿ. ಇದಕ್ಕೆ ಟ್ಯೂಬೂ ಬೇಡ, ಬಲೂನೂ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇದನ್ನೇ ಮೊದಲು ಮಾಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಬಾಟಲಿಯಲ್ಲಿ 200 ಮಿಲಿ ನೀರು, 20 ಗ್ರಾಂ ಸಕ್ಕರೆ, 5 ಗ್ರಾಂ ಯೀಸ್ಟ್. ಮುಚ್ಚಳ ಸಡಿಲ. ಶುಕ್ರವಾರ ಸಂಜೆ ತೂಗಿದಾಗ 248 ಗ್ರಾಂ. ಭಾನುವಾರ ಸಂಜೆ 239.

ಮಗಳು ತಕ್ಕಡಿ ಆಫ್ ಮಾಡಿ ಮತ್ತೆ ಆನ್ ಮಾಡಿದಳು. 239 ಗ್ರಾಂ. ಏನೂ ಚೆಲ್ಲಿಲ್ಲ, ಯಾರೂ ಕುಡಿದಿಲ್ಲ, ಬಾಟಲಿಯ ಕತ್ತು ಸಣ್ಣದು, ಹಾಗಾಗಿ ಆವಿಯಾದದ್ದೂ ತೀರಾ ಕಡಿಮೆ. 9 ಗ್ರಾಂ ಎಲ್ಲಿ?

ಕಾಗದ ತೆಗೆದು ಲೆಕ್ಕ ಹಾಕಿದೆವು. ಯೀಸ್ಟ್ ಮೊದಲು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಆಮೇಲೆ ಅವೆರಡರಿಂದಲೂ ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. 342 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 176 ಗ್ರಾಂ ಗ್ಯಾಸ್, ಅಂದರೆ ಅರ್ಧಕ್ಕಿಂತ ಚೂರು ಹೆಚ್ಚು. 20 ಗ್ರಾಮಿಗೆ 10 ಗ್ರಾಂ ಮತ್ತು ಸ್ವಲ್ಪ. ನಮಗೆ ಸಿಕ್ಕಿದ್ದು 9. ಎರಡು ದಿನದಲ್ಲಿ ಎಲ್ಲ ಸಕ್ಕರೆಯೂ ಮುಗಿದಿರಲಿಲ್ಲ ಅಂತ ಕಾಣುತ್ತದೆ. ಆ 9 ಗ್ರಾಂ ಗ್ಯಾಸನ್ನು ಹಿಡಿದಿಟ್ಟಿದ್ದರೆ ಹತ್ತಿರ ಹತ್ತಿರ ಐದು ಲೀಟರ್. ಎರಡು ದಿನ ಅಡುಗೆಮನೆಯ ಮೂಲೆಯಲ್ಲಿ ಬಾಟಲಿ ಅಷ್ಟನ್ನೂ ಸದ್ದಿಲ್ಲದೆ ಬಿಟ್ಟಿತ್ತು.

ಸಕ್ಕರೆಯ ಇನ್ನರ್ಧ ಎಲ್ಲಿ ಅಂತ ಕೇಳಿದಳು. ಬಾಟಲಿಯ ಬಾಯಿ ಮೂಗಿನ ಹತ್ತಿರ ಹಿಡಿದೆ. ಮುಖ ಸಿಂಡರಿಸಿ "ಆಸ್ಪತ್ರೆ ವಾಸನೆ" ಅಂದಳು. ಸರಿಯಾಗಿಯೇ ಹೇಳಿದಳು, ಇಂಜೆಕ್ಷನ್ ಕೊಡುವ ಮೊದಲು ಹತ್ತಿಯಲ್ಲಿ ಒರೆಸುವುದೂ ಆಲ್ಕೊಹಾಲೇ. ಇದನ್ನು ಯಾರೂ ರುಚಿ ನೋಡುವಂತಿಲ್ಲ, ಸಿಂಕಿಗೆ ಸುರಿಯುವುದು ಅಂತ ಮೊದಲೇ ಒಪ್ಪಂದ ಆಗಿತ್ತು.

ಸುರಿಯುತ್ತಿದ್ದವನನ್ನು ಮಗಳು ತಡೆದಳು. ತಳದಲ್ಲಿ ಬೂದು ಬಣ್ಣದ ಗಸಿ ಕೂತಿತ್ತು. ಅದನ್ನು ಎರಡು ಚಮಚ ಎತ್ತಿ, ಸೊಂಟ ಸೊಟ್ಟಗಿದ್ದ ಮೊದಲ ಬಾಟಲಿಗೆ ಹಾಕಿದಳು. ಥರ್ಮಾಮೀಟರ್ ನೋಡಿ 38 ಡಿಗ್ರಿಯ ನೀರು, ಒಂದು ಚಮಚ ಸಕ್ಕರೆ, ಟ್ಯೂಬಿನ ಮುಚ್ಚಳ. ಸ್ಟೂಲು ಎಳೆದುಕೊಂಡು ಕೂತಳು. ನಾನು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಹಿಂದಿನಿಂದ ಎಣಿಕೆ ಕೇಳಿಸಿತು: ಒಂದು, ಎರಡು, ಮೂರು.